ಹತ್ತು ಬಿಟ್ಟು ಓದುವ ಟೇಪು

ನಾನು ಅಳೆಯುವ ಟೇಪು. ಕಾರ್ಖಾನೆಯಲ್ಲಿ ಹುಟ್ಟಿದಾಗ ಐದು ಮೀಟರ್ ಉದ್ದವಿದ್ದೆ. ಹಳದಿ ಬಣ್ಣ, ತುದಿಯಲ್ಲಿ ಪುಟ್ಟ ಕೊಕ್ಕೆ. ವಿಜಯಪುರದ ಅಂಗಡಿಯಲ್ಲಿ ಲಾಲಸಾಬ್ ಮೇಸ್ತ್ರಿ ನನ್ನನ್ನು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂದಿನಿಂದ ಅವರು ಕಟ್ಟಿದ ಸೇತುವೆಗಳೇ ನನ್ನ ಊರು.

ಒಮ್ಮೆ ಕಂಬಿ ಬಿದ್ದು ನನ್ನ ಮೊದಲ ಹತ್ತು ಸೆಂಟಿಮೀಟರ್ ತುಂಡಾಯಿತು. ಮೇಸ್ತ್ರಿ ಎಸೆಯಲಿಲ್ಲ. "ಹತ್ತು ಬಿಟ್ಟು ಓದಿದ್ರಾತು" ಎಂದರು. ಅವರ ತಂಡದವರೆಲ್ಲ ಹಾಗೆಯೇ ಓದಿದರು.

ಆಮೇಲೆ ಕೃಷ್ಣಾ ನದಿಯ ಹೆದ್ದಾರಿ ಸೇತುವೆಗೆ ಬಂದೆವು. ಎರಡೂ ಕಡೆಯಿಂದ ಸೇತುವೆಯ ತೋಳು ಬೆಳೆದು, ನಡುವೆ ಒಂದು ಸಂದು ಉಳಿಯಿತು. ಅದಕ್ಕೆ ಕಾಂಕ್ರೀಟ್ ತುಂಬುವ ಮೊದಲು ನಾಲ್ಕು ಉಕ್ಕಿನ ತೊಲೆ ಕೊಟ್ಟು ಬಿಗಿಯಬೇಕು, ಅದೂ ಬಿಸಿಲು ಬೀಳುವ ಮುನ್ನ. ಬಿಸಿಲಿಗೆ ತೋಳುಗಳು ಹಿಗ್ಗಿ ಅಳತೆಯೇ ಬದಲಾಗುತ್ತದೆ. ಮರುದಿನಕ್ಕೆ ಬಿಡುವಂತೆಯೂ ಇರಲಿಲ್ಲ. ಅಣೆಕಟ್ಟಿನಿಂದ ನೀರು ಬಿಡುವವರಿದ್ದರು. ಹೊಳೆ ತುಂಬಿದರೆ ಮೂರು ತಿಂಗಳು ಕೆಲಸ ಬಂದ್, ತಂಡವೆಲ್ಲ ಮನೆಗೆ.

ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದದ್ದು ನನಗೆ ಮತ್ತು ಕಂಬಿ ಕಟ್ಟುವ ಯಂಕವ್ವನಿಗೆ ಮಾತ್ರ ಗೊತ್ತಿತ್ತು. ನನ್ನ ಅಂಕಿ ಓದಿ ಹೇಳುವವಳು ಅವಳು, ಹತ್ತು ಕಳೆಯುವವರು ಮೇಸ್ತ್ರಿ. ತೊಲೆ ಬಿಗಿಯುವ ಹಿಂದಿನ ದಿನ ಬೆಳಗ್ಗೆ ಸಂದಿಗೆ ಅಡ್ಡಲಾಗಿ ನನ್ನನ್ನು ಎಳೆದು ಹಿಡಿದಾಗ ಎರಡು ಮೀಟರ್ ನಲವತ್ತು ತೋರಿಸಿದೆ. ಮುದುಕರಿಗೆ ತೊಂದರೆ ಯಾಕೆಂದು ಯಂಕವ್ವ ತಾನೇ ಹತ್ತು ಕಳೆದು, "ಎರಡ ಮೂವತ್ತು, ಕಾಕಾ" ಎಂದಳು. ಮೇಸ್ತ್ರಿ ಅಭ್ಯಾಸದಂತೆ ಮತ್ತೆ ಹತ್ತು ಕಳೆದು, ತೊಲೆ ಕತ್ತರಿಸುವವರಿಗೆ ಎರಡು ಇಪ್ಪತ್ತು ಎಂದು ಚೀಟಿ ಕಳಿಸಿದರು. ನನಗೆ ಬಾಯಿ ಎಲ್ಲಿದೆ?

ಮರುದಿನ ನಸುಕಿನಲ್ಲಿ ತೊಲೆ ಏರಿಸಿದರು. ಒಂದು ತೋಳಿಗೆ ತಾಗಿತು, ಇನ್ನೊಂದಕ್ಕೆ ತಾಗಲಿಲ್ಲ.

"ಯಾರ ಅಳತಿ ಇದು?" ಎಂಜಿನಿಯರ್ ದೀಕ್ಷಿತರು ಚೀರಿದರು. ಪೂರ್ವ ಕೆಂಪಾಗುತ್ತಿತ್ತು.

"ನಾ ಕಳದ ಹೇಳಿದ್ನೆಲ್ಲ ಕಾಕಾ!" ಯಂಕವ್ವ ಪಿಸುಗುಟ್ಟಿದಳು.

"ನಾನೂ ಕಳದ್ನೆಲ್ಲ ಯವ್ವಾ..."

ಇಬ್ಬರೂ ನನ್ನನ್ನೇ ನೋಡಿದರು. ಅಂದು ನನಗೆ ಕರಗಿ ಹೋಗಬೇಕೆನಿಸಿತು.

ಯಂಕವ್ವ ತಟ್ಟನೆ ಎದ್ದಳು. "ಸಾಹೇಬ್ರ, ಒಂದೊಂದು ಸೆಂಟಿಮೀಟರ್ ದಪ್ಪನ ಪ್ಲೇಟ್ ಅದಾವ. ಹತ್ತು ಜೋಡಿಸಿ ತುರುಕೂಣು!" ಅವಳು ಓಡಿದಳು, ಎಲ್ಲರೂ ಓಡಿದರು. ನಾಲ್ಕು ತೊಲೆಗೆ ನಲವತ್ತು ಪ್ಲೇಟು ಬೇಕು. ಅಂಚು ತಾಗಿ ಅವಳ ಅಂಗೈ ಹರಿದು ರಕ್ತ ಸುರಿಯಿತು. ಕಣ್ಣು ಕಾಣದ ಮೇಸ್ತ್ರಿ ಬೆರಳಿನಿಂದ ಸಂದು ತಡವಿ, "ಇನ್ನೊಂದು ಕೊಡ್ರಿ, ಇನ್ನೊಂದು" ಎನ್ನುತ್ತಿದ್ದರು. ನಾಲ್ಕನೆಯ ತೊಲೆ ಬಿಗಿದಾಗ ಮೊದಲ ಬಿಸಿಲು ಆಗಷ್ಟೇ ಕ್ರೇನಿನ ತುದಿಗೆ ತಾಗಿತ್ತು, ತೋಳುಗಳಿಗೆ ಇನ್ನೂ ಇಳಿದಿರಲಿಲ್ಲ.

"ಈಗ ಹೇಳ್ರಿ, ಯಾರ ಅಳತಿ?" ದೀಕ್ಷಿತರು ಮತ್ತೆ ಕೇಳಿದರು.

ಯಂಕವ್ವ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಮುಂದೆ ಬಂದರು. "ನಂದರೀ. ನನಗ ಕಣ್ಣ ಕಾಣಂಗಿಲ್ಲ. ಈಕೀದೇನೂ ತಪ್ಪಿಲ್ಲ."

ಕಣ್ಣು ಕಾಣದವರಿಗೆ ಸೇತುವೆಯ ಮೇಲೆ ಕೆಲಸವಿಲ್ಲ. ಮಧ್ಯಾಹ್ನ ಅವರು ನನ್ನನ್ನು ಯಂಕವ್ವನ ಕೈಗಿಟ್ಟು, ಬಂದ ದಡದಿಂದಲೇ ಹೊರಟರು. ಆಚೆ ದಡಕ್ಕೆ ನಡೆಯುವ ದಿನ ಅವರಿಗೆ ಬರಲೇ ಇಲ್ಲ.

ಈಗ ನಾನು ಯಂಕವ್ವನ ಮನೆಯ ಮೊಳೆಯಲ್ಲಿದ್ದೇನೆ. ಮೈಯೆಲ್ಲ ತುಕ್ಕು, ಅಂಕಿಗಳು ಮಾಸಿವೆ. ಸೇತುವೆಯ ಮೇಲೆ ಲಾರಿಗಳು ಓಡುವ ಸದ್ದು ಇಲ್ಲಿಗೂ ಕೇಳುತ್ತದೆ. ಆಗಾಗ ಅವಳು ಮಗಳನ್ನು ಗೋಡೆಗೆ ನಿಲ್ಲಿಸಿ, ನನ್ನನ್ನು ಎಳೆದು ಅವಳ ಎತ್ತರ ನೋಡುತ್ತಾಳೆ.

"ನೂರಾ ಮೂವತ್ತು" ಎನ್ನುತ್ತಾಳೆ ಗಟ್ಟಿಯಾಗಿ. "ಹತ್ತು ಇನ್ನಾ ಕಳದಿಲ್ಲ, ಕೇಳಿದೇನ?"

ಮಗಳು ನಗುತ್ತಾಳೆ. ಯಂಕವ್ವ ನಗುವುದಿಲ್ಲ.