ಪೂವಕ್ಕನ ಎಲೆ

ಮುದ್ದುಕೃಷ್ಣ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದು ತಮ್ಮ ಕುಟುಂಬದ ವಂಶವೃಕ್ಷ ಬರೆಯುವ ಕೆಲಸ ಒಪ್ಪಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆರು ವರ್ಷ ಅವರ ಕೈಕೆಳಗೆ ದುಡಿದದ್ದಕ್ಕೆ ಅಂದೇ ಸಂಬಳ ಸಿಕ್ಕಿದಂತಾಯಿತು.

"ನೋಡು ಅಕ್ಷಯಾ, ಊರಲ್ಲಿ ನಮ್ಮ ಕುಟುಂಬದ ಮನೆ ರಿಪೇರಿ ಆಗ್ತಾ ಉಂಟು. ಬರುವ ಮೇಯಲ್ಲಿ ನನಗೆ ಗಡಿ ಕೊಡ್ತಾರೆ. ಬಾಗಿಲ ಹತ್ರ ಕರಿ ಕಲ್ಲಲ್ಲಿ ಇಡೀ ಫ್ಯಾಮಿಲಿ ಟ್ರೀ ಕೆತ್ತಿಸ್ಲಿಕ್ಕುಂಟು. ನಿನ್ನಷ್ಟು ನೀಟಾಗಿ ಬೇರೆ ಯಾರೂ ಮಾಡ್ಲಿಕ್ಕಿಲ್ಲ."

"ಮಾಡುವ ಸರ್," ಎಂದೆ.

ಗಡಿ ಎಂದರೆ ಮನೆಯ ಯಜಮಾನಿಕೆಯ ಪಟ್ಟ. ಆಸ್ತಿಪಾಸ್ತಿಗೆ ಈಗ ಸರಕಾರದ ಕಾನೂನು ಬಂದಿದ್ದರೂ ಗಡಿಗೆ ಇನ್ನೂ ಹಳೆಯ ಕಟ್ಟಳೆಯೇ. ತಾಯಿಯ ಕಡೆಯಿಂದ, ಹಿರಿ ಕವಲಿನಲ್ಲಿ ಹುಟ್ಟಿದ ಗಂಡಸಿಗೇ ಅದು ಸಲ್ಲಬೇಕು. ದೋಹಾದಲ್ಲಿ ದೊಡ್ಡ ಇಂಟೀರಿಯರ್ ಕಂಪನಿ, ಅಲ್ ಅಜೀಜಿಯಾದಲ್ಲಿ ವಿಲ್ಲಾ, ಎರಡು ಲ್ಯಾಂಡ್ ಕ್ರೂಸರ್ ಎಲ್ಲ ಇದ್ದ ಮನುಷ್ಯನಿಗೆ ಇನ್ನು ಬಾಕಿ ಇದ್ದದ್ದು ತಲೆಗೊಂದು ಮುಂಡಾಸು ಮಾತ್ರ.

ನಾನು ಆ ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ಡ್ರಾಯಿಂಗ್ ಯಾವಾಗ ಬಂತು, ಯಾವುದು ಹಳತು, ಯಾವುದನ್ನು ಯಾರು ತಿದ್ದಿದರು ಎಂದು ಲೆಕ್ಕ ಇಡುವವಳು. ನಾನು ಪೂವಕ್ಕನ ಮೊಮ್ಮಗಳು ಎನ್ನುವುದು ಮುದ್ದುಕೃಷ್ಣರಿಗೆ ಗೊತ್ತಿರಲಿಲ್ಲ. ಸೇಡು ತೀರಿಸಲೆಂದೇ ಅಲ್ಲಿ ಕೆಲಸಕ್ಕೆ ಸೇರಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಆಫರ್ ಲೆಟರಿನ ಕೆಳಗೆ ಅವರ ಹೆಸರು ನೋಡಿಯೇ ಸಹಿ ಹಾಕಿದೆ.

ಪೂವಕ್ಕ ನನ್ನ ಅಮ್ಮನ ಅಮ್ಮ. ಅದೇ ಮನೆಯ ಹಿರಿ ಕವಲಿನ ಮಗಳು. ಇಪ್ಪತ್ತನೇ ವಯಸ್ಸಿನಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತುಕ್ರ ಎಂಬವರನ್ನು ಮದುವೆಯಾದರು. ತುಕ್ರ ಬೇರೆ ಜಾತಿಯವರು. ಪೂವಕ್ಕನ ಅಣ್ಣ ಕೊರಗಣ್ಣ ಅಂದೇ ತಂಗಿಯನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದ. ಅಜ್ಜಿ ಮತ್ತೆ ಆ ಅಂಗಳ ತುಳಿಯಲಿಲ್ಲ.

ಬದುಕಿದ್ದಾಗ ತುಳಿಯದಿದ್ದರೆ ಹೋಗಲಿ. ನಮ್ಮಲ್ಲಿ ಗಂಡಾಗಲಿ ಹೆಣ್ಣಾಗಲಿ ಸತ್ತ ಮೇಲೆ ತಾಯಿಮನೆಗೇ ಸೇರಬೇಕು. ವರ್ಷಕ್ಕೊಮ್ಮೆ ಕುಟುಂಬದ ಮನೆಯಲ್ಲಿ ಸತ್ತವರಿಗೆಲ್ಲ ಬಾಳೆ ಎಲೆ ಹಾಕಿ ಅನ್ನ, ಕೋಳಿ ಸಾರು ಬಡಿಸುತ್ತಾರೆ. ಆ ಸಾಲಿನಲ್ಲಿ ಎಲೆ ಇಲ್ಲದ ಜೀವ ಅಲೆಯುತ್ತಾ ಇರುತ್ತದೆ ಎಂದು ನಂಬಿಕೆ. ಹದಿನಾರು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ ಅಮ್ಮ ಆ ಒಂದು ಎಲೆ ಕೇಳಲು ಹೋದರು, ನಾನೂ ಜೊತೆಗಿದ್ದೆ. ರಜೆಗೆ ಬಂದಿದ್ದ ಮುದ್ದುಕೃಷ್ಣ ಗೇಟು ಕೂಡ ತೆಗೆಯಲಿಲ್ಲ. ಒಳಗಿನಿಂದಲೇ, "ಕಂಡಕಂಡವರಿಗೆಲ್ಲ ಎಲೆ ಹಾಕ್ಲಿಕ್ಕೆ ಇದೇನು ಹೋಟ್ಲಾ?" ಎಂದು ಹೇಳಿ, ಪಕ್ಕದಲ್ಲಿದ್ದವರ ಕಡೆ ತಿರುಗಿ ನಕ್ಕರು. ಅಮ್ಮ ರಿಕ್ಷಾದಲ್ಲಿ ಅಳಲಿಲ್ಲ. ಈಗ ಅಮ್ಮನಿಗೆ ಎಪ್ಪತ್ತು. ಪೂವಕ್ಕನಿಗೆ ಎಲೆ ಇಲ್ಲವೆಂದರೆ ಪೂವಕ್ಕನ ಮಗಳಿಗೂ ಇಲ್ಲ. ಅದು ಅವರನ್ನು ಒಳಗೊಳಗೇ ತಿನ್ನುತ್ತಿದೆ ಎಂದು ನನಗೆ ಗೊತ್ತು.

ನಾನು ಕೆಲಸ ಶುರು ಮಾಡಿದೆ. ಬಿನ್ ಮಹಮೂದ್ ಬಡಾವಣೆಯ ನನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು ಮುಂಬೈ, ಕಾರ್ಕಳ, ಮಸ್ಕತ್ ಎಂದು ಎಲ್ಲ ಕಡೆ ಫೋನ್ ಮಾಡಿದೆ. ಹೆಸರು, ಹುಟ್ಟಿದ ವರ್ಷ, ತಾಯಿ, ಮದುವೆ, ಬರಿ ಎಂದು ಒಬ್ಬೊಬ್ಬರಿಗೂ ಐದು ಕಾಲಂ. ಬೇರೆಯವರು ಗೋತ್ರ ಎನ್ನುತ್ತಾರಲ್ಲ, ನಮಗೆ ಅದು ಬರಿ. ಅದು ಅಪ್ಪನಿಂದ ಬರುವುದಿಲ್ಲ, ತಾಯಿಯಿಂದ ಬರುತ್ತದೆ. ಒಂದೇ ಬರಿಯ ಗಂಡು ಹೆಣ್ಣು ಎಂದರೆ ಅಣ್ಣ ತಂಗಿ ಎಂದೇ ಲೆಕ್ಕ, ಮದುವೆಯ ಮಾತೇ ಇಲ್ಲ. ಈ ಮನೆಯವರದ್ದು ಬಂಗೇರ ಬರಿ.

ಎಲ್ಲ ತುಂಬಿದ ಮೇಲೆ ಒಂದೇ ಒಂದು ಕಡೆ ಖಾಲಿ ಉಳಿಯಿತು. ಮುದ್ದುಕೃಷ್ಣರ ತೀರಿಹೋದ ತಂದೆಯ ಬರಿ. ಅದನ್ನು ಕೇಳಲು ಅವರ ತಾಯಿ ಅಪ್ಪಿಯಮ್ಮನ ಹತ್ತಿರ ಹೋದೆ. ಅವರು ಪೂವಕ್ಕನ ತಂಗಿ ಎಂದು ಎಲ್ಲರೂ ಹೇಳುತ್ತಿದ್ದರು. ಎಂಬತ್ತೆರಡರ ಮುದುಕಿ. ವಿಲ್ಲಾದ ಹಿಂದಿನ ಕೋಣೆಯಲ್ಲಿ ಏಸಿ ಆಫ್ ಮಾಡಿ, ಕಿಟಕಿ ತೆರೆದಿಟ್ಟು ಕೂತಿರುತ್ತಿದ್ದರು. ನಾನು ಆಫೀಸಿನ ಕಾಗದಕ್ಕೆ ಸಹಿ ಹಾಕಿಸಲು ಹೋದಾಗಲೆಲ್ಲ ಪಾತ್ರೆಯಲ್ಲಿ ಏನಾದರೂ ತೆಗೆದಿಟ್ಟು ತಿನ್ನಿಸದೆ ಕಳಿಸಿದವರಲ್ಲ. ಆ ಮನೆಯಲ್ಲಿ ನನಗೆ ಕೋಪ ಬಾರದಿದ್ದದ್ದು ಅವರೊಬ್ಬರ ಮೇಲೆ.

"ಅವರದ್ದಾ? ಅವರದ್ದು ಬಂಗೇರ ಬರಿ," ಎಂದರು ಅಪ್ಪಿಯಮ್ಮ.

ಬರೆಯುತ್ತಿದ್ದ ನನ್ನ ಕೈ ನಿಂತಿತು. "ದೊಡ್ಡಮ್ಮ, ಈ ಮನೆಯದ್ದೂ ಬಂಗೇರ ಅಲ್ವಾ? ಹಾಗಾದ್ರೆ ನಿಮ್ಮ ಮದುವೆ ಹೇಗಾಯ್ತು?"

ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ನನ್ನದು ಕುಂದರ್ ಬರಿ ಮಗಾ. ನಾನು ಆ ಮನೆಯ ಮಗಳಲ್ಲ. ಕೊರಗಣ್ಣ ನನ್ನ ಅಣ್ಣ ಅಲ್ಲ, ಅಪ್ಪ."

ಅಪ್ಪಿಯಮ್ಮ ಒಂಬತ್ತು ವರ್ಷದವರಿದ್ದಾಗ ಅಪ್ಪ ಅವರನ್ನು ತಾಯಿಯ ಮನೆಯಿಂದ ಎತ್ತಿನ ಗಾಡಿಯಲ್ಲಿ ಕರೆತಂದು, ಇನ್ನು ಅಜ್ಜಿಯನ್ನು ಅಮ್ಮ ಎಂದೂ ತನ್ನನ್ನು ಅಣ್ಣ ಎಂದೂ ಕರೆಯಬೇಕು ಎಂದು ಹೇಳಿದನಂತೆ. ತಪ್ಪಿ ಅಪ್ಪ ಎಂದರೆ ಪೆಟ್ಟು. ಕಿರಿ ಕವಲಿನವರೆಲ್ಲ ಆಗ ಬೊಂಬಾಯಿಯಲ್ಲಿದ್ದರು. ಅವರು ತಿರುಗಿ ಬರುವಾಗ ಮನೆಯಲ್ಲಿ ಒಬ್ಬ ಹುಡುಗಿ ಓಡಾಡುತ್ತಿದ್ದಳು, ನಂಬಿದರು. ಒಕ್ಕಲಿನವರು ಬಾಯಿ ಬಿಡುವ ಹಾಗಿರಲಿಲ್ಲ. ದೂರದ ಕಾಸರಗೋಡಿನ ಕಡೆಯಿಂದ ಗಂಡು ಬಂದಾಗ ಮಾತ್ರ ಕೊರಗಣ್ಣ ಮಗಳ ನಿಜವಾದ ಬರಿಯನ್ನೇ ಗುಟ್ಟಾಗಿ ಹೇಳಿ ಮದುವೆ ಮಾಡಿದ. ಜಗತ್ತಿಗೆಲ್ಲ ಸುಳ್ಳು ಹೇಳಿದವನಿಗೂ ಅಲ್ಲಿ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಗಂಡಿನ ಬರಿ ಯಾವುದು ಎಂದು ಕಿರಿ ಕವಲಿನವರು ಯಾರೂ ಕೇಳಲಿಲ್ಲ.

ನನಗೆ ಎಲ್ಲ ಅರ್ಥವಾಯಿತು. ಗಂಡಸಿನ ಮಕ್ಕಳು ಹೆಂಡತಿಯ ಮನೆಗೆ ಸೇರುತ್ತಾರೆ. ತಂಗಿ ಇದ್ದರೆ ಮನೆ, ಗಡಿ ಎಲ್ಲ ತಂಗಿಯ ಮಕ್ಕಳಿಗೆ, ತನ್ನ ಮಗಳಿಗೆ ಏನೂ ಇಲ್ಲ. ಅದಕ್ಕೇ ತಂಗಿಯನ್ನು ಹೊರಗೆ ಹಾಕಿ ಮಗಳನ್ನೇ ತಂಗಿ ಮಾಡಿದ. ತುಕ್ರಜ್ಜನ ಜಾತಿ ಒಂದು ನೆವ. ಅದು ಸಿಕ್ಕದಿದ್ದರೆ ಕೊರಗಣ್ಣ ಬೇರೆ ನೆವ ಹುಡುಕುತ್ತಿದ್ದ.

"ಇದು ನಿನ್ನ ಹತ್ರವೇ ಇರ್ಲಿ ಮಗಾ. ನಾನು ಹೋದ ಮೇಲೆ ಬೇಕಾದ್ರೆ ಬರ್ಕೋ," ಎಂದು ಅಪ್ಪಿಯಮ್ಮ ನನ್ನ ಕೈ ಹಿಡಿದರು.

"ಆಯ್ತು ದೊಡ್ಡಮ್ಮ," ಎಂದೆ. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹಿಂದಿರುಗುವಾಗ ಮೆಟ್ರೋದಲ್ಲಿ ಎದುರಿಗೆ ಕೂತ ಫಿಲಿಪಿನೋ ಹೆಂಗಸು ಎರಡು ಸಲ ನನ್ನನ್ನು ನೋಡಿದಳು, ನಾನು ಒಬ್ಬಳೇ ನಗುತ್ತಿದ್ದೆ.

ಗುರುವಾರ ಸಂಜೆ ತಮ್ಮ ಕೃತಿಕ್ ದುಖಾನ್ ಪಟ್ಟಣದಿಂದ ಫೋನ್ ಮಾಡಿದ. ಅವನು ಅಲ್ಲಿ ತೈಲದ ಕಂಪನಿಯಲ್ಲಿ ಟೆಕ್ನಿಷಿಯನ್, ನಾನು ಅವನಿಗೆ ಎಲ್ಲ ಹೇಳಿದ್ದೆ. "ಅಕ್ಕ, ಅಜ್ಜಿಯ ಹೆಸರು ಹಾಕ್ಸು, ಖಲಾಸ್. ಆ ಮುದುಕಿಯ ವಿಷಯ ತೆಗಿಬೇಡ ಮಾರಾಯ್ತಿ. ಪಾಪ."

"ಅದು ತೆಗಿಯದೆ ಅವ ಅಜ್ಜಿಯ ಹೆಸರು ಹಾಕ್ಲಿಕ್ಕೆ ಬಿಡ್ತಾನಾ?"

"ನಿನಗೆ ಬೇಕಾದ್ದು ಅಜ್ಜಿಗೆ ಎಲೆಯಾ, ಅವನ ಮರ್ಯಾದಿ ತೆಗಿಯುದಾ?"

"ಎರಡೂ," ಎಂದು ಫೋನ್ ಇಟ್ಟೆ. ಅಂದೇ ರಾಜೀನಾಮೆಯ ಪತ್ರವನ್ನೂ ಬರೆದಿಟ್ಟೆ. ಅವರು ನನ್ನನ್ನು ತೆಗೆದುಹಾಕಿದರು ಎನ್ನುವ ಮಾತು ಬರಕೂಡದು.

ಶುಕ್ರವಾರ ಮಧ್ಯಾಹ್ನ ವಿಲ್ಲಾದ ಹಾಲಿನಲ್ಲಿ ದೋಹಾದಲ್ಲಿದ್ದ ಕುಟುಂಬದವರೆಲ್ಲ ಸೇರಿದ್ದರು, ಇಪ್ಪತ್ತೈದು ಮಂದಿ. ಅಡುಗೆಮನೆಯಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಊರಿನಿಂದ ಕಿರಿ ಕವಲಿನ ಹಿರಿಯರಾದ ತ್ಯಾಂಪಣ್ಣ ವೀಡಿಯೋ ಕಾಲಿನಲ್ಲಿದ್ದರು. ಅವರು ಒಪ್ಪಿದರೆ ಪಟ್ಟಿ ಕಲ್ಲು ಕೆತ್ತುವವನಿಗೆ ಹೋಗುತ್ತದೆ.

"ಯಲ್ಲಾ ಅಕ್ಷಯಾ, ಹಾಕು," ಎಂದು ಅರಬರಂತೆ ಅವಸರಿಸಿದರು ಮುದ್ದುಕೃಷ್ಣ.

ನಾನು ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಪಟ್ಟಿ ತೆರೆದೆ. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕಿಕೊಂಡು ಖುಷಿಪಟ್ಟರು, ಮಕ್ಕಳು ಫೋಟೋ ತೆಗೆದರು. ಮುದ್ದುಕೃಷ್ಣ ಮಾತ್ರ ಮೇಲಿನ ಸಾಲಿನಲ್ಲೇ ನಿಂತರು.

"ಪೂವಕ್ಕ? ಇದು ಯಾರು?"

"ನನ್ನ ಅಜ್ಜಿ ಸರ್. ಕೆಳಗೆ ನನ್ನ ಅಮ್ಮ, ಮತ್ತೆ ನಾನು, ತಮ್ಮ ಕೃತಿಕ್."

ಮುದ್ದುಕೃಷ್ಣರ ಕಿವಿ ಕೆಂಪಾಯಿತು. "ನನ್ನ ಉಪ್ಪು ತಿಂದು ನನಗೇ ಆಟ ತೋರಿಸ್ತೀಯಾ? ತೆಗಿ ಅದನ್ನು."

"ತೆಗಿತೇನೆ. ಆದ್ರೆ ಪೂವಕ್ಕನನ್ನು ತೆಗೆದ್ರೆ ಹಿರಿ ಕವಲು ಅಲ್ಲಿಗೇ ಮುಗಿತದೆ. ಯಾಕಂದ್ರೆ ನಿಮ್ಮ ಅಮ್ಮ ಈ ಮನೆಯ ಮಗಳಲ್ಲ. ಕೊರಗಣ್ಣನ ಮಗಳು." ನಾನು ಬರಿಯ ಕಾಲಂ ದೊಡ್ಡದು ಮಾಡಿ ತೋರಿಸಿದೆ. "ಮನೆಯದ್ದು ಬಂಗೇರ. ನಿಮ್ಮ ಅಪ್ಪನದ್ದೂ ಬಂಗೇರ. ನಿಮ್ಮ ಅಮ್ಮ ಈ ಮನೆಯವರೇ ಆದ್ರೆ, ಅಣ್ಣನನ್ನೇ ಮದುವೆ ಆದ ಹಾಗೆ. ಯಾವುದು ಬೇಕು, ನೀವೇ ಹೇಳಿ ಸರ್."

ಆ ಹೊತ್ತಿಗೆ ಅವರ ಮುಖ ನೋಡಬೇಕಿತ್ತು. ನಾನಂತೂ ಕಣ್ಣುತುಂಬ ನೋಡಿದೆ. ಹದಿನಾರು ವರ್ಷದ ಉರಿ ತಣ್ಣಗಾಗಿ ಇಳಿಯಿತು. ನನಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ.

ಆದರೆ ಮನುಷ್ಯ ಗಟ್ಟಿಗ. ಎರಡೇ ಕ್ಷಣದಲ್ಲಿ ಸಾವರಿಸಿಕೊಂಡರು. "ಸುಳ್ಳು! ನನ್ನ ಅಪ್ಪನದ್ದು ಸಾಲಿಯಾನ್ ಬರಿ. ಇವಳು ಬೇಕೂಂತ ತಿರುಚಿದ್ದು. ಎಲ್ಲುಂಟು ಪ್ರೂಫ್?"

ಪ್ರೂಫ್ ಇರಲಿಲ್ಲ. ಎಲ್ಲದಕ್ಕೂ ಕಾಗದ ಇಡುವ ನನ್ನ ಹತ್ತಿರ ಇದಕ್ಕೊಂದು ಕಾಗದವಿರಲಿಲ್ಲ, ಒಬ್ಬ ಮುದುಕಿಯ ಮಾತು ಬಿಟ್ಟರೆ. ಟೀವಿಯ ಮೂಲೆಯಿಂದ ತ್ಯಾಂಪಣ್ಣ ಕೇಳಿದರು, "ಅಪ್ಪಿ, ನೀನೇ ಹೇಳು. ನಿನ್ನ ಗಂಡನ ಬರಿ ಯಾವುದು?"

ಅಪ್ಪಿಯಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿದ್ದರು. ಮಗನನ್ನು ನೋಡಿದರು. ಮಗ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಆಮೇಲೆ ನನ್ನನ್ನು ನೋಡಿದರು. ಸಾಲಿಯಾನ್ ಎಂದು ಒಂದು ಮಾತು ಹೇಳಿದ್ದರೆ ಮುದ್ದುಕೃಷ್ಣ ಗೆಲ್ಲುತ್ತಿದ್ದರು, ನಾನು ಕಳ್ಳಿಯಾಗಿ ಹೊರಗೆ ನಡೆಯಬೇಕಿತ್ತು.

"ಬಂಗೇರ," ಎಂದರು. "ಸತ್ತ ಗಂಡನ ಬರಿ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವರು ಅವರ ತಾಯಿಮನೆಯಲ್ಲಿ ಸುಖವಾಗಿ ಇದ್ದಾರೆ. ಅವರನ್ನು ನಾನು ಅಲೆಸುದಿಲ್ಲ."

ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ತ್ಯಾಂಪಣ್ಣ ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ, ಗಡಿಯ ವಿಷಯ ಮುಂದೆ ನೋಡುವ, ಪೂವಕ್ಕನ ಹೆಸರು ಕಲ್ಲಿನಲ್ಲಿ ಬರಲಿ, ಈ ವರ್ಷವೇ ಎಲೆ ಹಾಕುವ, ನನ್ನ ಅಮ್ಮನನ್ನು ಕರೆತರುವುದು ತಮ್ಮದೇ ಜವಾಬ್ದಾರಿ ಎಂದರು. ಮುದ್ದುಕೃಷ್ಣ ಎದ್ದು ಯಾರ ಮುಖವನ್ನೂ ನೋಡದೆ ಮೇಲಿನ ಕೋಣೆಗೆ ಹೋದರು. ಬಂದವರು ಊಟಕ್ಕೂ ನಿಲ್ಲದೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡರು. ನಾನು ಮೇಜಿನ ಮೇಲೆ ರಾಜೀನಾಮೆ ಇಟ್ಟು, ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಕೇಳಿ ಕೇಳಿ ಮತ್ತೆ ಕೇಳಿದರು. ಆಮೇಲೆ, ಅಷ್ಟು ವರ್ಷದ ನಂತರ, ಅತ್ತರು. ನಾನೂ ಅತ್ತೆ.

ಫೋನ್ ಇಟ್ಟು ತಿರುಗಿದರೆ ಅಪ್ಪಿಯಮ್ಮ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿದರು.

"ನೀನು ಪೂವಕ್ಕನವಳೂಂತ ಮೊದಲೇ ಹೇಳ್ಬಹುದಿತ್ತು ಮಗಾ. ನಾನು ಇನ್ನೂ ಬೇಗ ಹೇಳ್ತಿದ್ದೆ."

ನಾನು ಹೋಗಿ ಅವರ ತೋಳು ಹಿಡಿದೆ.

"ಅವಳಿಗೆ ಎಲೆ ಸಿಕ್ಕಿತು, ಒಳ್ಳೆದಾಯ್ತು. ಇನ್ನು ನನ್ನದು ಎಲ್ಲಿ ಹಾಕ್ತಾರೆ? ನನ್ನ ತಾಯಿಯ ಕುಂದರ್‌ನವರ ಮನೆಯಲ್ಲಿ ಎಪ್ಪತ್ತಮೂರು ವರ್ಷದಿಂದ ನನ್ನ ಹೆಸರು ಗೊತ್ತಿದ್ದವರು ಇಲ್ಲ. ಆ ಮನೆಯೂ ಇಲ್ಲ, ಮೇಲಿಂದ ರೋಡು ಹೋಗಿದೆ."

ಅದು ನನಗೆ ಹೊಳೆದೇ ಇರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನೂರ ಹನ್ನೆರಡು ಮಂದಿಯ ಐದು ಕಾಲಂ ತುಂಬಿದವಳು ನಾನು. ಹೊಳೆದಿತ್ತು, ಬೇಕೆಂದೇ ಆ ಕಡೆ ನೋಡಿರಲಿಲ್ಲ.

"ನಮ್ಮ ಮನೆಯಲ್ಲಿ ನಾನೇ ಹಾಕ್ತೇನೆ ದೊಡ್ಡಮ್ಮ. ಪ್ರತಿ ವರ್ಷ," ಎಂದೆ.

ಅಪ್ಪಿಯಮ್ಮ ನನ್ನ ಕೆನ್ನೆ ಮುಟ್ಟಿದರು. ಅವರ ಕೈಯಲ್ಲಿ ಸಿಟ್ಟು ಇರಲಿಲ್ಲ.

"ತನ್ನದಲ್ಲದ ಮನೆಯಲ್ಲಿ ಹಾಕಿದ ಎಲೆ ತಲುಪುದಾದ್ರೆ, ನೀನು ಇವತ್ತು ಇಷ್ಟೆಲ್ಲ ಯಾಕೆ ಮಾಡಿದ್ದು ಮಗಾ?" ಎಂದು ಕೇಳಿದರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತೆ, ನನ್ನ ಉತ್ತರಕ್ಕಾಗಿ ನಿಂತರು.