ಜಗಲಿಯ ಆರು ವರ್ಷ

ಭಾನುವಾರ ಬೆಳಿಗ್ಗೆ ಹೊಳವನಹಳ್ಳಿಯ ಮಾಜಿ ಸೈನಿಕರ ಸಂಘದಲ್ಲಿ ಕಾರ್ಯದರ್ಶಿ ನವೀನ್ ಕುಮಾರ್ ಸಂಘದ ಚರಿತ್ರೆಯ ಕರಡು ಓದುತ್ತಿದ್ದ. ಅಚ್ಚಿಗೆ ಹೋಗುವ ಮುನ್ನ ಹಳಬರೆಲ್ಲ ಒಮ್ಮೆ ಕೇಳಲಿ ಎಂಬುದು ಅವನ ಆಸೆ. ‘ಅಧ್ಯಕ್ಷ ಮಹಾಲಿಂಗಯ್ಯನವರ ಮನೆಯಲ್ಲಿ ಸಂಘ ಹುಟ್ಟಿದ ದಿನದಿಂದಲೂ ಎಲ್ಲ ಜಾತಿಯ ಸೈನಿಕರು ಒಟ್ಟಿಗೆ ಕೂತು ಚಹಾ ಕುಡಿದರು’ ಎಂಬ ಸಾಲು ಬಂದಾಗ ದೊಡ್ಡರಂಗಯ್ಯ ಎದ್ದು ನಿಂತ.

“ಆ ಸಾಲು ಹೊಡ್ದಾಕು.”

“ಯಾಕಣ್ಣ?”

“ನಾನು ಒಟ್ಟಿಗೆ ಕೂತಿರ್ಲಿಲ್ಲ. ಜಗಲಿ ಮೇಲೆ ಕೂತಿದ್ದೆ. ಆರು ವರ್ಷ.”

ಎಪ್ಪತ್ತೇಳರ ದೊಡ್ಡರಂಗಯ್ಯ ಸಭೆಯಲ್ಲಿ ಬಾಯಿ ಬಿಡುವವನೇ ಅಲ್ಲ. ಊರಿನ ದಲಿತ ಕೇರಿಯಿಂದ ಸೇನೆಗೆ ಸೇರಿದ ಮೊದಲಿಗ ಅವನು. ಮಹಾಲಿಂಗಯ್ಯನೂ ಅವನೂ ಒಂದೇ ತುಕಡಿಯವರು. ಸಿಕ್ಕಿಂನ ಹಿಮದಲ್ಲಿ ಒಂದೇ ತಟ್ಟೆಗೆ ಕೈ ಹಾಕಿ ಉಂಡವರು. ಪಿಂಚಣಿ ಪಡೆದು ಊರಿಗೆ ಬಂದ ಮಹಾಲಿಂಗಯ್ಯ ತನ್ನ ಪಡಸಾಲೆಯಲ್ಲಿ ಸಂಘ ಶುರು ಮಾಡಿದ. ಮೊದಲ ದಿನವೇ ದೊಡ್ಡರಂಗಯ್ಯನನ್ನು ಹೊಸಿಲಲ್ಲಿ ತಡೆದು, “ಮನೇಲಿ ಹೆಂಗಸ್ರು ಒಪ್ಪಲ್ಲ ಕಣ್ಲಾ. ಇಲ್ಲೇ ಕೂತ್ಕೊ, ಗಾಳಿ ಚೆಂದಾಗದೆ” ಎಂದಿದ್ದ. ಕುಡಿದ ಲೋಟವನ್ನು ತಾನೇ ತೊಳೆದು ಸೂರಿನ ಸಂದಿಗೆ ಸಿಕ್ಕಿಸಿ ಹೋಗಬೇಕಿತ್ತು. ಸಂಘಕ್ಕೆ ಸ್ವಂತ ಕಟ್ಟಡವಾಗಿ, ಚಹಾ ಹೋಟೆಲಿನಿಂದ ಬರತೊಡಗಿದ ಮೇಲೆ ಅದು ನಿಂತಿತು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಲೋಟ ತೊಳೆಯುವುದು ಹೋಟೆಲಿನವರ ಕೆಲಸವಾಯಿತು, ಅಷ್ಟೆ.

ಮಹಾಲಿಂಗಯ್ಯ ಕನ್ನಡಕ ತೆಗೆದ. “ನಮ್ಮನೇಲಿ ಅಂಗೇನೂ ನಡೀಲಿಲ್ಲ ರಂಗಯ್ಯ. ವಯಸ್ಸಾಯ್ತು, ನಿಂಗೇನೋ ನೆನಪು ಕಲಸೋಗದೆ.”

ಜಗಲಿಯನ್ನು ಇಷ್ಟು ಕಾಲ ನುಂಗಿಕೊಂಡಿದ್ದ ದೊಡ್ಡರಂಗಯ್ಯನಿಗೆ ಈ ಮಾತನ್ನು ನುಂಗಲಾಗಲಿಲ್ಲ.

“ನಡಿ, ನಿನ್ನ ಮನೇಲೇ ಕೇಳಾಣ. ನವೀನ, ನೀನೂ ಬಾ.”

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗದೆ ಮಹಾಲಿಂಗಯ್ಯ ಹಿಂದೆ ಬಂದ. ಅವನ ಹೆಂಡತಿ ದಾಕ್ಷಾಯಣಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

“ಅಮ್ಮಾವ್ರೆ, ಸಂಘ ಇಲ್ಲಿದ್ದಾಗ ನಂಗೆ ಟೀ ಎಲ್ಲಿ ಕೊಡ್ತಿದ್ರಿ?”

ಅವಳು ಗಂಡನ ಮುಖ ನೋಡಿದಳು. ಅವನು ಬೀದಿಯ ಕಡೆ ತಿರುಗಿದ.

“ಇಲ್ಲೇ ಕಣಪ್ಪ, ನಾನು ಕೂತಿರೋ ಜಾಗದಲ್ಲೇ. ಲೋಟ ಮುಟ್ಟದಂಗೆ ಮ್ಯಾಲಿಂದ ಹುಯ್ತಿದ್ದೆ. ಇವ್ರು ಹೇಳಿದ್ರು, ನಾನು ಮಾಡ್ದೆ. ನಂಗೂ ಆಗ ತಪ್ಪು ಅನ್ನಿಸ್ಲಿಲ್ಲ.”

“ಒಳಕ್ಕೋಗು” ಎಂದ ಮಹಾಲಿಂಗಯ್ಯ.

ಅವಳು ಏಳಲಿಲ್ಲ. “ಬರ್ಕಳಪ್ಪ ನವೀನ” ಎಂದಳು. ಆಮೇಲೆ ದೊಡ್ಡರಂಗಯ್ಯನಿಗೆ, “ಒಳಕ್ಕೆ ಬಾ, ಟೀ ಕಾಯಿಸ್ತೀನಿ.”

ನಿಜ ಹೇಳಿದ್ದಕ್ಕೆ ಕೈಮುಗಿಯಬೇಕೆಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಮುಗಿಯಲಿಲ್ಲ. ಇಷ್ಟು ವರ್ಷ ಇವಳೂ ಸುಮ್ಮನಿದ್ದಳಲ್ಲ ಎಂದು ಎದೆ ಉರಿಯಿತು. “ಬ್ಯಾಡಿ ಅಮ್ಮಾವ್ರೆ” ಎಂದು ಬೀದಿಗಿಳಿದ.

ಆ ಸಾಲು ಹೋಗಿ, ಜಗಲಿಯ ಸಂಗತಿ ಸೇರಿ ಪುಸ್ತಕ ಅಚ್ಚಾಯಿತು. ಮುನ್ನುಡಿಗೆ ಸಹಿ ಹಾಕಲೊಪ್ಪದ ಮಹಾಲಿಂಗಯ್ಯ ಅಧ್ಯಕ್ಷಗಿರಿ ಬಿಟ್ಟ. ಅವನ ಜೊತೆ ಎಂಟು ಜನ ಸಂಘಕ್ಕೆ ಬರುವುದನ್ನೇ ನಿಲ್ಲಿಸಿದರು. ಅವರಲ್ಲೊಬ್ಬ, ಭೀಮರಾಜು ಎಂಬ ಹಳಬ, ಕೊರಟಗೆರೆ ಬಸ್ಸಿಗೆ ಕಾಯುವಾಗ ಸಿಕ್ಕಿ, “ಈ ವಯಸ್ಸಲ್ಲಿ ಸಂಘ ಒಡ್ದಾಕ್ಬುಟ್ಟೆ ರಂಗಯ್ಯ” ಎಂದ.

“ನನ್ನನ್ನ ಜಗಲಿ ಮೇಲೆ ಕೂರ್ಸಿದಾಗ ನೀನು ಒಳಗೆ ಕೂತಿದ್ದೆ. ಆಗ ಏನಂದೆ?”

ಭೀಮರಾಜು ಬಸ್ಸು ಬರುವ ದಾರಿಯತ್ತ ತಿರುಗಿದ. ಬಸ್ಸಿನಲ್ಲಿ ಅವನು ಪಕ್ಕಕ್ಕೆ ಬಂದು ಕೂತಾಗ ದೊಡ್ಡರಂಗಯ್ಯ ಎದ್ದು ಹಿಂದಿನ ಸೀಟಿಗೆ ಹೋದ.