ಬಿಸಿಲೇರುವ ಮುಂಚಿನ ಎಣಿಕೆ

"ಕೇಳಿ ಅವಳನ್ನ, ಚಹಾ ಕುಡೀತಾಳಾ ಅಂತ," ಎಂದಳು ಅಕ್ಕ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. ಕೇಳಬೇಕಾದ ತಂಗಿ ಮೂರು ಮಾರು ದೂರದಲ್ಲೇ ನಿಂತಿದ್ದಳು.

ಭಾವ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ನಾದಿನಿಯ ಮುಖ ನೋಡಿದ. "ನಾನೇನು ಟಪಾಲು ಡಬ್ಬಾನೇನೇ? ಏನಮ್ಮ, ಚಹಾ ಕುಡೀತೀಯಾ ಅಂತ ಕೇಳ್ತಿದ್ದಾಳೆ."

"ಬೇಡ ಅಂತ ಹೇಳಿ ಭಾವ. ಕೆಲಸ ಮುಗೀಲಿ."

"ಬೇಡ್ವಂತೆ. ಕೆಲಸ ಮುಗೀಬೇಕಂತೆ."

"ಕೇಳಿಸ್ತು. ನಾನೇನು ಕಿವುಡೀನಾ?" ಎಂದಳು ಅಕ್ಕ, ಗಂಡನಿಗೆ.

ಒಂದು ವರ್ಷದಿಂದ ಹೀಗೇ ನಡೆದಿತ್ತು. ಭಾವ ಇಲ್ಲದ ಹೊತ್ತಿನಲ್ಲಿ ಅಕ್ಕತಂಗಿಯರ ನಡುವೆ ಒಂದು ಮಾತೂ ಇಲ್ಲ. ಹಾಗಂತ ಬೈಗುಳವೂ ಇಲ್ಲ, ಅದೇ ದೊಡ್ಡ ಕಷ್ಟ. ಬೈದಿದ್ದರೆ ಎರಡು ದಿನ ಅತ್ತು ಹಗುರಾಗಬಹುದಿತ್ತು.

ತಂಗಿಯನ್ನು ಕುರಿ ಕಾಯುವವರೆಲ್ಲ ಬಳೆಯಮ್ಮ ಎನ್ನುತ್ತಿದ್ದರು. ಅವಳೇನೂ ಬಳೆ ಮಾರುವವಳಲ್ಲ. ಕೀಟ ನಿಯಂತ್ರಣ ಕಚೇರಿಯಲ್ಲಿ ಮಿಡತೆ ಎಣಿಸುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಇಪ್ಪತ್ತೆರಡು ವರ್ಷದಿಂದಲೂ ತಾತ್ಕಾಲಿಕ. ದೊಡ್ಡ ತಟ್ಟೆಯಷ್ಟು ಅಗಲದ ತಂತಿಬಳೆಯೊಂದನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹುಲ್ಲುಗಾವಲುಗಳನ್ನು ಸುತ್ತುತ್ತಿದ್ದಳು. ನೇರ ಗೆರೆಯಲ್ಲಿ ನಡೆಯಬೇಕು, ಇಪ್ಪತ್ತು ಹೆಜ್ಜೆಗೊಮ್ಮೆ ಬಳೆಯನ್ನು ಮುಂದಕ್ಕೆ ಎಸೆಯಬೇಕು, ಬೆಕ್ಕಿನ ಹಾಗೆ ಹತ್ತಿರ ಹೋಗಿ ಬಳೆಯೊಳಗಿಂದ ಎಷ್ಟು ಜಿಗಿದವು ಎಂದು ಎಣಿಸಬೇಕು. ಹೀಗೆ ಹದಿನೆಂಟು ಸಲ. ಒಟ್ಟು ಐವತ್ತು ದಾಟಿದರೆ ಸರ್ಕಾರ ಮದ್ದು ಬೆರೆಸಿದ ತವುಡನ್ನು ಆ ಹುಲ್ಲುಗಾವಲಿಗೆ ಎರಚಿಸುತ್ತದೆ. ದಾಟದಿದ್ದರೆ ಇಲ್ಲ.

ಹೋದ ವಾರ ನಡುಮಧ್ಯಾಹ್ನ, ಅಕ್ಕನ ಕುರಿಮಂದೆ ಮೇಯುವ ಈ ಹುಲ್ಲುಗಾವಲಿನಲ್ಲಿ ಅವಳು ಎಣಿಸಿದಾಗ ನೂರ ಮೂವತ್ತೊಂದು ಬಂದಿತ್ತು. ಅಷ್ಟೂ ಮರಿಗಳು, ಅಕ್ಕಿಕಾಳಿನ ಗಾತ್ರದವು. ಇನ್ನೆರಡು ವಾರ, ಹೆಚ್ಚೆಂದರೆ ಇಪ್ಪತ್ತು ದಿನ. ಆಮೇಲೆ ರೆಕ್ಕೆ ಬರುತ್ತದೆ, ರೆಕ್ಕೆ ಬಂದ ಮಿಡತೆ ತವುಡನ್ನು ಮೂಸಿಯೂ ನೋಡುವುದಿಲ್ಲ. ತವುಡಿನ ಚೀಲಗಳು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ತಯಾರಾಗಿ ಕೂತಿದ್ದವು, ಅವನ್ನು ಜೋಡಿಸಿಟ್ಟವಳೇ ಅವಳು. ಬೇಕಾಗಿದ್ದದ್ದು ಒಂದೇ, ಮೇಲಿನ ಕಚೇರಿಯವರು ಬಂದು ಇನ್ನೊಮ್ಮೆ ಎಣಿಸಿ ಹೌದು ಎನ್ನುವುದು. ಆ ಪರಿಶೀಲನೆಯ ಸಾಹೇಬರು ಇವತ್ತು ಬಂದಿದ್ದರು. ಬೆಳಿಗ್ಗೆ ಆರೂ ಮುಕ್ಕಾಲಿಗೆ.

ಹುಲ್ಲು ಇನ್ನೂ ಇಬ್ಬನಿಯಲ್ಲಿ ತೊಯ್ದಿತ್ತು. ಸೂರ್ಯ ಪೂರ್ವದ ದಿಬ್ಬದ ಹಿಂದೆಯೇ ಇದ್ದ. ಸಾಹೇಬರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ತೋಯದ ಜಾಗ ಹುಡುಕುತ್ತ ಹೆಜ್ಜೆ ಇಡುತ್ತಿದ್ದರು. ಬಳೆಯಮ್ಮ ಎಸೆದಳು, ಅವರು ಬಗ್ಗಿದರು, ಬರೆದುಕೊಂಡರು. ಸೊನ್ನೆ. ಒಂದು. ಸೊನ್ನೆ. ಸೊನ್ನೆ. ಎರಡು.

"ಸಾರ್, ಸ್ವಲ್ಪ ಬಿಸಿಲು ಬರ್ಲಿ. ಈಗ ಇವು ಜಿಗಿಯಲ್ಲ."

"ನೀವು ಎಸೀರಿ."

ಏಳನೆಯ ಬಾರಿಗೆ ಅವಳಿಗೆ ತಡೆಯಲಾಗಲಿಲ್ಲ. ಬಳೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಬುಡವನ್ನು ಎರಡೂ ಕೈಯಿಂದ ಬಿಡಿಸಿ ತೋರಿಸಿದಳು. ಕಾಂಡಕ್ಕೆ ಅಂಟಿಕೊಂಡು ಸಾಲಾಗಿ ಕೂತಿದ್ದವು, ಚಳಿಗೆ ಮೈ ಮರಗಟ್ಟಿ.

"ನೋಡಿ ಸಾರ್. ಇಲ್ಲೇ ಹತ್ತು ಇದೆ."

"ಜಿಗಿದದ್ದು ಮಾತ್ರ ಲೆಕ್ಕ. ಕೂತಿದ್ದು ಲೆಕ್ಕಕ್ಕಿಲ್ಲ," ಎಂದರು ಸಾಹೇಬರು, ಮತ್ತೆ ಸೊನ್ನೆ ಬರೆದರು.

"ಮಿಡತೆಗೂ ಆಫೀಸ್ ಟೈಮ್ ಇದೆ ಸಾರ್," ಎಂದ ಭಾವ ಹಿಂದಿನಿಂದ. "ಹತ್ತು ಗಂಟೆಗೆ ಮುಂಚೆ ಸೀಟಲ್ಲಿ ಸಿಗಲ್ಲ." ಜೀಪಿನ ಡ್ರೈವರ್ ನಕ್ಕವನು, ಆ ನಗೆಯನ್ನು ಕೆಮ್ಮಾಗಿ ಬದಲಾಯಿಸಿಕೊಂಡ.

ಹದಿನೆಂಟೂ ಮುಗಿದಾಗ ಒಟ್ಟು ಹನ್ನೊಂದು. ಹೋದ ವರ್ಷ ಒಂಬತ್ತು ಬಂದಿತ್ತು. ಹೋದ ವರ್ಷ ಬೇರೆ ಸಾಹೇಬರು, ಇದೇ ಹೊತ್ತು, ಇದೇ ಜೀಪು. ಆಗಲೂ ಅವಳು ಬಿಸಿಲು ಬರಲಿ ಎಂದಿದ್ದಳು, ಒಂದೇ ಸಲ, ಮೆಲ್ಲಗೆ. ಆಮೇಲೆ ದೊಡ್ಡವರ ಜೊತೆ ವಾದ ಯಾಕೆ ಎಂದುಕೊಂಡು ಬಾನೆಟ್ಟಿನ ಮೇಲೆ ಫಾರಂ ಇಟ್ಟು ಸಹಿ ಹಾಕಿದ್ದಳು. ಇಪ್ಪತ್ತು ದಿನಕ್ಕೆ ರೆಕ್ಕೆ ಬಂತು, ಒಂದು ತಿಂಗಳಿಗೆ ಈ ಹುಲ್ಲುಗಾವಲಿನಲ್ಲಿ ಕಲ್ಲೂ ಮಣ್ಣೂ ಮಾತ್ರ ಉಳಿಯಿತು. ಎರಚದೆ ಉಳಿದ ತವುಡಿನ ಅವಧಿ ಮುಗಿಯಿತೆಂದು ಕಚೇರಿಯವರು ಗುಂಡಿ ತೋಡಿಸಿ ಹೂಳಿಸಿದರು. ಗುಂಡಿಯ ಬಳಿ ನಿಂತು ಚೀಲ ಎಣಿಸಿದವಳೂ ಅವಳೇ. ಅಕ್ಕ ಅರ್ಧ ಮಂದೆಯನ್ನು ಮಾರಿದಳು, ಹಾಲೂಡುವ ಕುರಿಗಳನ್ನೂ ಸೇರಿಸಿ. ಯಾಕೆ ಮದ್ದು ಹಾಕಲಿಲ್ಲ ಎಂದು ಕೇಳಿ ಬರೆದ ಕಾಗದಕ್ಕೆ ಕಚೇರಿಯಿಂದ ಉತ್ತರ ಬಂತು. 'ಮಿಡತೆ ಇರುವುದು ಕಂಡುಬಂದಿಲ್ಲ.' ಜೊತೆಗೆ ಫಾರಂನ ನಕಲು, ಕೆಳಗೆ ತಂಗಿಯ ಸಹಿ. ಚಿಕ್ಕಂದಿನಲ್ಲಿ ಆ ಅಕ್ಷರಗಳನ್ನು ಕೈ ಹಿಡಿದು ತಿದ್ದಿಸಿದವಳು ಅಕ್ಕನೇ.

"ಇಲ್ಲೊಂದು ಸಹಿ," ಎಂದರು ಸಾಹೇಬರು, ಪ್ಯಾಡನ್ನು ಮುಂದೆ ಹಿಡಿದು. "ಎಣಿಕೆಗಾರರ ಸಹಿ."

ಬಳೆಯಮ್ಮ ಪೆನ್ನು ತೆಗೆದುಕೊಂಡಳು. ಹಿಂದೆ ಫ್ಲಾಸ್ಕಿನ ಮುಚ್ಚಳದ ಸದ್ದು ನಿಂತಿತು. ಅವಳು ಹೆಸರು ಬರೆದಳು, ಅದರ ಪಕ್ಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಇನ್ನೊಂದು ಸಾಲು ಬರೆದಳು. 'ಎಣಿಸಿದ್ದು ಬೆಳಿಗ್ಗೆ ಆರೂ ಮುಕ್ಕಾಲರಿಂದ. ಹುಲ್ಲು ಒದ್ದೆ. ಬಿಸಿಲು ಇರಲಿಲ್ಲ.'

ಸಾಹೇಬರು ಓದಿ ಹುಬ್ಬು ಗಂಟಿಕ್ಕಿದರು. "ಇದೇನ್ರೀ? ಟೈಮ್ ಯಾರು ಕೇಳಿದ್ರು? ಫಾರಂನಲ್ಲಿ ಟೈಮಿಗೆ ಕಾಲಂ ಇದೆಯಾ?"

"ಇಲ್ಲ ಸಾರ್. ಅದಕ್ಕೇ ಪಕ್ಕದಲ್ಲಿ ಬರೆದೆ."

"ಹೀಗೆ ಗೀಚಿದ್ರೆ ಫಾರಂ ರದ್ದಾಗತ್ತೆ." ಅವರು ಅದನ್ನು ಎರಡಾಗಿ ಹರಿದು ಹುಲ್ಲಿಗೆ ಹಾಕಿದರು. ಇನ್ನೊಂದು ಫಾರಂ ತುಂಬಿದರು, ಹನ್ನೊಂದು ಎಂದು ಮತ್ತೆ ಬರೆದರು. "ಬರೀ ಹೆಸರು."

ಬಳೆಯಮ್ಮ ಮತ್ತೆ ಹೆಸರು ಬರೆದಳು, ಹೊತ್ತನ್ನೂ ಬರೆದಳು.

ಎರಡನೆಯದೂ ಹರಿಯಿತು. ಸಾಹೇಬರ ಬಳಿ ಉಳಿದದ್ದು ಒಂದೇ ಫಾರಂ. ಅದರಲ್ಲೂ ಹನ್ನೊಂದು ಎಂದು ತುಂಬಿ, ಎದೆಗೆ ಅವುಚಿಕೊಂಡು, ಮೇಲಿನವರನ್ನು ಕೇಳುತ್ತೇನೆ ಎಂದು ಫೋನು ಎತ್ತಿದರು. ಸಿಗ್ನಲ್ ಇರಲಿಲ್ಲ. "ದಿಬ್ಬದ ಮೇಲೆ ಸಿಗತ್ತೆ ಸಾರ್," ಎಂದ ಭಾವ ಬಹಳ ವಿನಯದಿಂದ, "ಆ ದಿಬ್ಬ ಅಲ್ಲ, ಅದರಾಚೆಗಿನದು." ಸಾಹೇಬರು ಹತ್ತಿದರು, ಮಾತಾಡಿದರು, ಇಳಿದು ಬಂದರು. ಇದಕ್ಕೆ ಮುಕ್ಕಾಲು ಗಂಟೆಯೇ ಹಿಡಿಯಿತು. ಅಷ್ಟರಲ್ಲಿ ಬಿಸಿಲು ಹುಲ್ಲುಗಾವಲಿನ ಅರ್ಧದವರೆಗೆ ಇಳಿದಿತ್ತು, ಹುಲ್ಲಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ನೋಡಿಮ್ಮ," ಎಂದರು ಏದುಸಿರು ಬಿಡುತ್ತ, ಈ ಸಲ ಮೆತ್ತಗೆ. "ನಂಗೆ ಇವತ್ತು ನಾಲ್ಕು ಹುಲ್ಲುಗಾವಲು ಮುಗಿಸ್ಬೇಕು. ಒಂಬತ್ತೂವರೆಗೆ ಜೀಪು ಬೇರೆ ಇಲಾಖೆಗೆ ಹೋಗತ್ತೆ. ನಿಮ್ಮ ಮಿಡತೆ ಏಳೋವರೆಗೂ ಕಾಯೋಕೆ ನಾನೇನು ಕೆಲಸ ಇಲ್ಲದವನಾ? ಮುಂದಿನ ತಿಂಗಳು ನಿಮ್ಮ ಕೆಲಸದ ನವೀಕರಣ ನಮ್ಮ ಟೇಬಲ್ಲಿಗೇ ಬರತ್ತೆ. ನೆನಪಿರಲಿ."

ಇಪ್ಪತ್ತೆರಡು ವರ್ಷದಲ್ಲಿ ಬಳೆಯಮ್ಮ ಯಾವ ಸಾಹೇಬರ ಮುಂದೆಯೂ ದನಿ ಎತ್ತಿದವಳಲ್ಲ. ಈಗ ಬಂದ ದನಿ ಅವಳಿಗೇ ಹೊಸದಾಗಿತ್ತು.

"ನೆನಪಿದೆ ಸಾರ್. ಎಲ್ಲಾ ನೆನಪಿದೆ. ನೀವು ಶಾಲೆಗೆ ಹೋಗ್ತಿದ್ದಾಗ್ಲೂ ನಾನು ಈ ಬಳೆ ಎಸೀತಿದ್ದೆ. ಆಗಿನ ಪುಸ್ತಕದಲ್ಲಿ ಬಿಸಿಲೇರಿದ ಮೇಲೆ ಎಣಿಸ್ಬೇಕು ಅಂತ ಅಚ್ಚು ಹಾಕಿದ್ರು. ಫಾರಂ ಚಿಕ್ಕದು ಮಾಡೋಕೆ ಹೋಗಿ ಆ ಸಾಲು ಕಿತ್ತು ಹಾಕಿದ್ರಿ. ಮಲಗಿರೋರ ಮನೆ ಬಾಗಿಲು ತಟ್ಟಿ, ತೆಗೀಲಿಲ್ಲ ಅಂತ ಮನೇನೇ ಖಾಲಿ ಅಂತ ಬರ್ಕೊಂಡು ಹೋಗ್ತೀರಿ. ಬರೆಯೋರು ನೀವು, ಕೆಳಗೆ ಹೆಸರು ನಂದು. ಮದ್ದು ಮಣ್ಣು ಪಾಲು, ಹುಲ್ಲು ಮಿಡತೆ ಪಾಲು. ಒಂದ್ಸಲ ಹಾಕಿದ್ದೀನಿ ಸಾರ್ ಆ ಸಹಿ. ಅದರ ರುಚಿ ಹೇಗಿರತ್ತೆ ಅಂತ ನಂಗೊತ್ತು. ಇನ್ನೊಂದ್ಸಲ ಹಾಕಲ್ಲ."

ಬಿಸಿಲು ಬಿದ್ದ ಕಡೆಯಿಂದ ಚಿಟ್, ಚಿಟ್ ಎಂದು ಸಣ್ಣ ಸದ್ದು ಕೇಳತೊಡಗಿತು. ಒಂದು ಮರಿಮಿಡತೆ ಸಾಹೇಬರ ಬೂಟಿನ ಮೇಲೆ ಹಾರಿ ಬಿತ್ತು. ಇನ್ನೊಂದು ಮಡಚಿದ ಪ್ಯಾಂಟಿನ ಅಂಚಿಗೆ. ಮೂರನೆಯದು ಪ್ಯಾಡಿನ ಮೇಲೆ ಕೂತು, ಹನ್ನೊಂದು ಎಂದು ಬರೆದ ಜಾಗದ ಪಕ್ಕದಲ್ಲಿ ಮೀಸೆ ತಿರುವಿತು.

"ಸಾರ್," ಎಂದ ಡ್ರೈವರ್, ಬಾನೆಟ್ಟಿನ ಕಡೆ ಕೈ ತೋರಿಸುತ್ತ. "ಇಲ್ಲೂ ನಾಲ್ಕೈದು ಬಂದ್ವು."

ಸಾಹೇಬರು ನೋಡಿದರು. ನೋಡಿದ್ದು ಎಲ್ಲರಿಗೂ ಕಾಣಿಸಿತು. ಆಮೇಲೆ ಅವರು ಪ್ಯಾಡಿನ ಮೇಲಿನ ಮಿಡತೆಯನ್ನು ಬೆರಳಿಂದ ಚಿಮ್ಮಿ, ಗಡಿಯಾರ ನೋಡಿಕೊಂಡು, ಫಾರಂನ ಕೊನೆಯಲ್ಲಿ ಏನೋ ಬರೆದು ಸಹಿ ಹಾಕಿದರು.

"ಏನ್ ಬರೆದ್ರಿ ಸಾರ್?"

"ಎಣಿಕೆಗಾರರು ಗೈರುಹಾಜರು ಅಂತ. ಹಾಗೆ ಬರೆದ್ರೆ ನನ್ನ ಸಹಿ ಒಂದೇ ಸಾಕು." ಅವರು ಅವಳ ಕಣ್ಣು ತಪ್ಪಿಸಿ ಜೀಪು ಹತ್ತಿದರು. "ಅದಕ್ಕೆ ಕಾಲಂ ಇದೆ."

"ಅಯ್ಯೋ, ಕಣ್ಣೆದುರಿಗೆ ನಿಂತವಳನ್ನ..." ಎಂದು ಭಾವ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಇತ್ತ ನೋಡಿದ, ತಲೆ ತಗ್ಗಿಸಿದ. ಧೂಳು ಎದ್ದಿತು, ಕೂತಿತು.

ಬಳೆಯಮ್ಮ ನಿಂತಲ್ಲೇ ನಿಂತಿದ್ದಳು. ಸಾಹೇಬರ ಬೂಟು ತುಳಿದ ಹುಲ್ಲು ಒಂದೊಂದೇ ಎಸಳಾಗಿ ತಲೆ ಎತ್ತುತ್ತಿತ್ತು. ಅವಳು ಹೆಗಲಿನ ಬಳೆ ತೆಗೆದಳು, ಬೆಳಿಗ್ಗೆ ಗುರುತಿಗೆ ನೆಟ್ಟಿದ್ದ ಕಡ್ಡಿಯ ಬಳಿಗೆ ವಾಪಸು ಹೋದಳು, ಇಪ್ಪತ್ತು ಹೆಜ್ಜೆ ಎಣಿಸಿ ಎಸೆದಳು.

"ಇನ್ಯಾರಿಗಮ್ಮ ಇದು?" ಎಂದ ಭಾವ. "ಅವರು ಹೋದ್ರಲ್ಲ."

ಅವಳು ಬೆಕ್ಕಿನ ಹಾಗೆ ಹತ್ತಿರ ಹೋದಳು. ಕಾದ ಬಾಣಲೆಯಿಂದ ಕಾಳು ಸಿಡಿದ ಹಾಗೆ ಬಳೆಯೊಳಗಿಂದ ಸಿಡಿದವು.

ಹಿಂದೆ ಕಾಗದದ ಸರಪರ ಕೇಳಿಸಿತು. ಅಕ್ಕ ಹುಲ್ಲಿನಲ್ಲಿ ಬಗ್ಗಿ ಹರಿದ ಫಾರಂಗಳ ನಾಲ್ಕೂ ತುಂಡು ಆರಿಸಿಕೊಂಡಿದ್ದಳು. ಒದ್ದೆಯನ್ನು ಸೆರಗಿಗೆ ಒತ್ತಿ ಒರೆಸಿ, ಒಂದು ತುಂಡಿನ ಬರೆಯದ ಮಗ್ಗುಲನ್ನು ಫ್ಲಾಸ್ಕಿನ ಮೇಲೆ ಹರಡಿ, ಗಂಡನ ಕಿವಿಯ ಸಂದಿನಲ್ಲಿದ್ದ ಪೆನ್ಸಿಲ್ ಚೂರನ್ನು ಕೇಳದೆ ಕಿತ್ತುಕೊಂಡಳು.

"ಎಷ್ಟು?" ಎಂದಳು.

ಬಳೆಯಮ್ಮ ಬಗ್ಗಿದವಳು ಹಾಗೇ ನಿಂತಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಒಂಬತ್ತು."

ಭಾವ ರೂಢಿಯ ಹಾಗೆ 'ಒಂಬತ್ತಂತೆ' ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ.

"ಸ್ವಲ್ಪ ನಿಲ್ಲು, ಅವಸರ ಮಾಡ್ಬೇಡ," ಎಂದಳು ಅಕ್ಕ, ಪೆನ್ಸಿಲ್ ತುದಿಯನ್ನು ನಾಲಗೆಗೆ ತಾಗಿಸಿಕೊಂಡು. "ಮೊದಲು ಗಂಟೆ ಎಷ್ಟು ಹೇಳು."

ಬಳೆಯಮ್ಮ ಹೇಳಿದಳು. ಅಕ್ಕ ಬರೆದುಕೊಳ್ಳುವವರೆಗೂ ಕಾದಳು. ಆಮೇಲೆ ಬಳೆ ಮತ್ತೆ ಮೇಲೆದ್ದು, ಬಿಸಿಲಿನಲ್ಲೊಮ್ಮೆ ಹೊಳೆದು, ಹುಲ್ಲಿಗೆ ಇಳಿಯಿತು.